ಸೀಗಡಿ ಸಿಪ್ಪೆ ಮತ್ತು ನಮ್ಮ ನೀರು

ಎಲ್ಲರಿಗೂ ನಮಸ್ಕಾರ.

ಗದಗಿನಲ್ಲಿ ನಿಂತು ಸೀಗಡಿ ಬಗ್ಗೆ ಏನು ಮಾತು ಅಂತ ಕೆಲವರಿಗೆ ಅನ್ನಿಸಬಹುದು. ಕಾರವಾರ, ಅಂಕೋಲಾದ ಮೀನಿನ ಗಾಡಿಗಳು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಬರುತ್ತವೆ. ಸೀಗಡಿ ಸುಲಿದ ಮೇಲೆ ತಲೆ, ಸಿಪ್ಪೆ ಕಸಕ್ಕೆ ಹೋಗುತ್ತವೆ, ಬೇಗ ನಾರುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಸೀಗಡಿ, ಏಡಿ, ಲಾಬ್‌ಸ್ಟರ್‌ಗಳ ಇಂಥ ಸಿಪ್ಪೆ ಎಲ್ಲ ಸೇರಿ 60ರಿಂದ 80 ಲಕ್ಷ ಟನ್ ಬೀಳುತ್ತದೆ ಎಂಬ ಅಂದಾಜಿದೆ. ಆ ಕಸದಿಂದ ನಮ್ಮ ನೀರನ್ನು ಹೇಗೆ ತಿಳಿ ಮಾಡಬಹುದು ಎಂಬುದೇ ಇವತ್ತಿನ ಮಾತು.

ಆ ಸಿಪ್ಪೆಯಲ್ಲಿ ಇರುವುದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಪ್ರೋಟೀನ್ ಮತ್ತು ಕೈಟಿನ್ ಎಂಬ ನಾರಿನಂಥ ವಸ್ತು. ತೆಳು ಆಸಿಡ್‌ನಲ್ಲಿ ಹಾಕಿದರೆ ಬುಸುಬುಸು ನೊರೆ ಬಂದು ಕ್ಯಾಲ್ಸಿಯಂ ಹೋಗುತ್ತದೆ. ತೆಳು ಕಾಸ್ಟಿಕ್ ಸೋಡಾ ಪ್ರೋಟೀನನ್ನು ತೆಗೆಯುತ್ತದೆ. ಉಳಿದ ಕೈಟಿನ್ನನ್ನು ಶೇ 40-50ರಷ್ಟು ಗಟ್ಟಿ ಕಾಸ್ಟಿಕ್‌ನಲ್ಲಿ ಕಾಯಿಸಿದರೆ ಕೈಟೋಸಾನ್ ಸಿಗುತ್ತದೆ. ಇದು ಹೊಸ ವಿದ್ಯೆಯೇನಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಬಹಳ ಹಿಂದಿನಿಂದ ಇದರ ಮೇಲೆ ಕೆಲಸ ಮಾಡಿದೆ.

ಈ ಮೇಜಿನ ಮೇಲೆ ಎರಡು ಗಾಜಿನ ಲೋಟ ಇವೆ. ಎರಡರಲ್ಲೂ ಒಂದೇ ಕೆರೆಯ ರಾಡಿ ನೀರು. ಕೈಟೋಸಾನ್ ಬರೀ ನೀರಿನಲ್ಲಿ ಕರಗುವುದಿಲ್ಲ. ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆದರೆ ಬೆಂಡೆಕಾಯಿ ಲೋಳೆಯ ಹಾಗೆ ಆಗುತ್ತದೆ. ಅದರ ಕೆಲವೇ ಹನಿ ಎಡಗಡೆ ಲೋಟಕ್ಕೆ ಬಿಟ್ಟು ಮೊದಲು ಜೋರಾಗಿ, ಆಮೇಲೆ ನಿಧಾನವಾಗಿ ತಿರುವುತ್ತೇನೆ. ಸ್ವಲ್ಪ ತಡೆಯಿರಿ. ಹಾಂ, ಮಣ್ಣು ಚೂರು ಚೂರಾಗಿ ಗುಂಪುಗೂಡುತ್ತಿದೆ, ಕಾಣ್ತಾ? ಒಂದೊಂದೇ ಚೂರು ತಳಕ್ಕೆ ಇಳಿಯುತ್ತಿದೆ. ಬಲಗಡೆಯದು ಇನ್ನೂ ಹಾಗೇ ಇದೆ.

ಮಣ್ಣಿನ ಸಣ್ಣ ಕಣಗಳಿಗೆ ಋಣ ವಿದ್ಯುದಂಶ ಇರುತ್ತದೆ. ಅದಕ್ಕೇ ಅವು ಒಂದನ್ನೊಂದು ದೂರ ತಳ್ಳಿ, ನೀರಿನಲ್ಲಿ ತೇಲುತ್ತಲೇ ಇರುತ್ತವೆ. ಕೈಟೋಸಾನಿಗೆ ಧನ ವಿದ್ಯುದಂಶ. ಅದರ ಉದ್ದನೆಯ ಎಳೆಗೆ ಕಣಗಳು ಅಂಟಿ ಭಾರವಾಗಿ ಕೂರುತ್ತವೆ. ನಮ್ಮ ಹಿರಿಯರು ಚಿಲ್ಲದ ಬೀಜ ತೇಯ್ದು ಬಿಂದಿಗೆಯ ನೀರು ತಿಳಿ ಮಾಡುತ್ತಿದ್ದರಲ್ವಾ, ಇದೂ ಅದೇ ದಾರಿಯ ಕೆಲಸ. ಆದರೆ ತಿಳಿಯಾದ ನೀರನ್ನು ಸೋಸಿ, ಕುದಿಸಿ ಅಥವಾ ಕ್ಲೋರಿನ್ ಹಾಕಿಯೇ ಕುಡಿಯಬೇಕು.

ಈಗ ನೀವೆಲ್ಲ ಕಾಯುತ್ತಿರುವ ಪ್ರಶ್ನೆ, ಕೊಳವೆಬಾವಿ ನೀರಿನ ಫ್ಲೋರೈಡನ್ನು ಇದು ತೆಗೆಯುತ್ತದಾ ಅಂತ. ಮುಂಡರಗಿ ಕಡೆಯ ಮಕ್ಕಳ ಹಲ್ಲಿನ ಕಂದು ಗೆರೆ ನೋಡಿದವರಿಗೆ ಇದರ ಸಂಕಟ ಗೊತ್ತು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಎನ್ನುತ್ತದೆ ಭಾರತೀಯ ಮಾನಕ. ನೇರವಾಗಿ ಹೇಳುತ್ತೇನೆ, ಬರೀ ಕೈಟೋಸಾನ್ ಫ್ಲೋರೈಡನ್ನು ಹೆಚ್ಚು ಹಿಡಿಯುವುದಿಲ್ಲ. ಕೊಳವೆಬಾವಿ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಏಳರ ಮೇಲಿದ್ದರೆ ಅದರ ಧನ ಅಂಶವೂ ಕುಗ್ಗುತ್ತದೆ. ಅಲ್ಯುಮಿನಿಯಂ, ಜಿರ್ಕೋನಿಯಂನಂಥ ಲೋಹ ಸೇರಿಸಿದಾಗ ಹಿಡಿತ ಜಾಸ್ತಿಯಾಗುತ್ತದೆ. ಇನ್ನೊಂದು ದಾರಿಯೂ ಇದೆ. ಸಿಪ್ಪೆಯ ಕ್ಯಾಲ್ಸಿಯಂಗೆ ಫಾಸ್ಫೇಟ್ ಕೂಡಿಸಿ ಹೈಡ್ರಾಕ್ಸಿಅಪಟೈಟ್ ಮಾಡಬಹುದು. ನಮ್ಮ ಹಲ್ಲು, ಎಲುಬಿನಲ್ಲಿರುವ ಖನಿಜವೂ ಅದೇ ಬಗೆಯದು. ಹಲ್ಲಿಗೆ ಹೋಗಿ ಸೇರುವ ಫ್ಲೋರೈಡ್ ಮೊದಲೇ ಫಿಲ್ಟರಿನಲ್ಲಿ ಸೇರಿಕೊಳ್ಳಲಿ ಎಂಬುದು ಇಲ್ಲಿನ ಉಪಾಯ. ನನಗೆ ಇದು ತುಂಬ ಹಿಡಿಸಿದೆ.

ಸೀಗಡಿಯದ್ದನ್ನು ನಾವು ಕುಡಿಯೋ ನೀರಿಗೆ ಹಾಕೋದಾ ಅಂತ ಕೇಳುವ ಮನೆಗಳು ನಮ್ಮಲ್ಲಿ ಬಹಳ ಇವೆ. ಆ ಪ್ರಶ್ನೆಗೆ ಮರ್ಯಾದೆ ಕೊಡಬೇಕು, ಮುಚ್ಚಿಟ್ಟು ಹಾಕಬಾರದು. ಕೈಟಿನ್ ಅಣಬೆಯಲ್ಲೂ ಇದೆ. 1811ರಲ್ಲಿ ಫ್ರಾನ್ಸಿನ ಬ್ರಾಕೊನೊ ಅದನ್ನು ಮೊದಲು ಕಂಡದ್ದೇ ಅಣಬೆಯಲ್ಲಿ. ಶಿಲೀಂಧ್ರದಿಂದ ತೆಗೆದ ಕೈಟೋಸಾನೂ ಸಿಗುತ್ತದೆ.

ಹಾಗಾಗಿ ಸೀಗಡಿ ಸಿಪ್ಪೆಯ ಕೆಲಸ ಕುಡಿಯುವ ನೀರಿನ ಬದಲು ನೂಲಿಗೆ ಬಣ್ಣ ಹಾಕಿ ಉಳಿದ ನೀರಿನಿಂದ ಶುರುವಾಗಲಿ ಎನ್ನುವುದು ನನ್ನ ಅಭಿಪ್ರಾಯ. ಬೆಟಗೇರಿ ನೇಕಾರಿಕೆಯ ಊರು. ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣಗಳಿಗೆ ಋಣ ಅಂಶವಿದೆ, ಕೈಟೋಸಾನ್ ಅವನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಆಸಿಡ್ ನೀರಿನಲ್ಲಿ ಅದೇ ಕರಗಿ ಹೋಗದ ಹಾಗೆ ಎಳೆಗಳನ್ನು ಒಂದಕ್ಕೊಂದು ಬೆಸೆದು ಮಣಿ ಮಾಡಿಕೊಳ್ಳಬೇಕು.

ಸಿಪ್ಪೆಯನ್ನು ಕರಾವಳಿಯಲ್ಲೇ ತೊಳೆದು ಒಣಗಿಸಿ ತಂದರೆ ನಾತವೂ ಇಲ್ಲ, ಭಾರವೂ ಕಡಿಮೆ. ಆಮೇಲೆ ಉಳಿಯುವ ಆಸಿಡ್, ಕಾಸ್ಟಿಕ್ ನೀರನ್ನು ಹಳ್ಳಕ್ಕೆ ಬಿಟ್ಟರೆ ಒಂದು ನೀರು ತೊಳೆಯಲು ಇನ್ನೊಂದನ್ನು ಕೆಡಿಸಿದಂತೆ. ಆ ಖರ್ಚನ್ನೂ, ಬಣ್ಣ ತುಂಬಿದ ಹಳೇ ಮಣಿಗಳನ್ನು ಎಲ್ಲಿ ಹಾಕಬೇಕು ಎಂಬುದನ್ನೂ ಯೋಜನೆಯಲ್ಲೇ ಬರೆಯಿರಿ. ಇಲ್ಲಿ ಕೂತಿರುವ ಕಾಲೇಜು ಹುಡುಗರು ಬೆಟಗೇರಿಯ ಬಣ್ಣದ ತೊಟ್ಟಿಯ ನೀರು ತಂದರೆ, ಮಣಿ ಹಾಕುವ ಮೊದಲು ಮತ್ತು ನಂತರ ಅದರ ಬಣ್ಣ ಅಳೆಯುವುದನ್ನು ನಾನು ಜೊತೆಗೆ ಕೂತು ತೋರಿಸುತ್ತೇನೆ.