ಓಡಿಹೋದವರ ಕೇಸೆಲ್ಲಾ ಕಿಡ್ನ್ಯಾಪ್ ಆಗಲ್ಲ ಗುರೂ

ನಮಸ್ಕಾರ. ಹುಡುಗ ಹುಡುಗಿ ಓಡಿಹೋದ್ರು ಅಂದ ತಕ್ಷಣ ಹುಡುಗಿ ಅಪ್ಪ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡ್ತಾರೆ, ಹುಡುಗನ ಮೇಲೆ ಕಿಡ್ನ್ಯಾಪ್ ಕೇಸ್ ಬೀಳುತ್ತೆ, ನ್ಯೂಸ್ ಕೆಳಗೆ ಕಾಮೆಂಟಲ್ಲಿ "ಅವಳೇ ಒಪ್ಪಿ ಹೋಗಿದಾಳೆ, ಅದೆಂಥ ಕಿಡ್ನ್ಯಾಪು" ಅಂತ ಶುರು. ಇದು ಅರ್ಧ ಸರಿ, ಅರ್ಧ ತಪ್ಪು.

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಮಗು ಒಪ್ತಾ ಅಂತ ಕಾನೂನು ಕೇಳೋದೇ ಇಲ್ಲ, ಅಪ್ಪ ಅಮ್ಮ ಒಪ್ಪಿದ್ರಾ ಅಂತ ಕೇಳುತ್ತೆ. ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 137, ಏಳು ವರ್ಷದವರೆಗೂ ಜೈಲು. ಕೈಕಾಲು ಕಟ್ಟಿ ಎತ್ತಾಕ್ಕೊಂಡ್ ಹೋಗ್ಬೇಕು ಅಂತೇನಿಲ್ಲ, ಪುಸಲಾಯಿಸಿ ಕರ್ಕೊಂಡ್ ಹೋದ್ರೂ ಸಾಕು. ಇದಕ್ಕೂ ಮುಂಚೆ ಇದ್ದ ಹಳೇ ಐಪಿಸಿಲಿ ಹುಡುಗರಿಗೆ 16, ಹುಡುಗೀರಿಗೆ 18 ಅಂತ ಇತ್ತು, 2024ರ ಜುಲೈ 1ರಿಂದ ಇಬ್ಬರಿಗೂ 18.

ಹಂಗಂತ ಜೊತೆಲಿ ಸಿಕ್ಕಿದವನೆಲ್ಲಾ ಕಿಡ್ನ್ಯಾಪರ್ ಅಲ್ಲ. 1964ರಲ್ಲಿ ಸುಪ್ರೀಂ ಕೋರ್ಟ್ ವರದರಾಜನ್ ಕೇಸಲ್ಲಿ ಇದನ್ನೇ ಹೇಳಿದ್ದು. ಮದ್ರಾಸಿನ ಕಾಲೇಜು ಹುಡುಗಿ, ಹದಿನೆಂಟಕ್ಕೆ ಎರಡು ತಿಂಗಳೂ ಬಾಕಿ ಇರ್ಲಿಲ್ಲ, ಅಪ್ಪ ಸಂಬಂಧಿಕರ ಮನೇಲಿ ಬಿಟ್ಟು ಬಂದ್ರೆ ಅಲ್ಲಿಂದ ಇವಳೇ ವರದರಾಜನ್‌ಗೆ ಫೋನ್ ಮಾಡಿ ಇಂಥ ರಸ್ತೆಗೆ ಬಾ ಅಂತ ಕರೆದು, ಹೋಗಿ ಅವನ ಕಾರ್ ಹತ್ತಿ, ಕೊನೆಗೆ ರಿಜಿಸ್ಟ್ರಾರ್ ಆಫೀಸು. ಕೋರ್ಟ್ ಏನಂತು ಅಂದ್ರೆ, ಜೊತೆಲಿ ಬರೋಕೆ ಬಿಡೋದು ಬೇರೆ, ಕರ್ಕೊಂಡ್ ಹೋಗೋದು ಬೇರೆ, ಇವನು ತಲೆ ಕೆಡಿಸಿ ಮನೆ ಬಿಡಿಸಿದ ಅನ್ನೋಕೆ ಸಾಕ್ಷಿ ಎಲ್ಲಿ? ಖುಲಾಸೆ. ಇಷ್ಟು ವರ್ಷ ಆದ್ರೂ ನಮ್ಮಲ್ಲಿ ಎಷ್ಟೋ ಕಡೆ ಈ ಪ್ರಶ್ನೆ ಕೇಳೋ ಮುಂಚೆನೇ ಹುಡುಗ ಒಳಗೆ ಹೋಗಿರ್ತಾನೆ, ನನಗೆ ಸಿಟ್ಟು ಬರೋದು ಅಲ್ಲೇ. (ಪೋಕ್ಸೋ, ಅಂದ್ರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾನೂನು, ಬೇರೆ ಕಥೆ, ಅಲ್ಲಿ ಅವಳೇ ಬಂದ್ಲು ಅನ್ನೋ ವಾದ ನಡೆಯಲ್ಲ, ಹುಷಾರು.)

ದೊಡ್ಡವರದ್ದಾದ್ರೆ ಲೆಕ್ಕನೇ ಬೇರೆ. 2000ರ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ಅಣ್ಣಾವ್ರನ್ನ ಹೊತ್ತೊಯ್ದಿದ್ದು, 108 ದಿನ ಕಾಡಲ್ಲಿ ಇಟ್ಕೊಂಡಿದ್ದು ಯಾರಿಗೆ ಗೊತ್ತಿಲ್ಲ ಹೇಳಿ. ದೊಡ್ಡವರನ್ನ ಬಲವಂತದಿಂದಲೋ ಮೋಸದಿಂದಲೋ ಒಯ್ಯೋದು ಈಗಿನ ಸೆಕ್ಷನ್ 138, ತಮಾಷೆ ಅಂದ್ರೆ ಅದಕ್ಕೇ ಅಂತ ಶಿಕ್ಷೆ ಬರೆದಿಲ್ಲ, ಯಾಕೆ ಒಯ್ದ್ರು, ಕೊಲೆಗಾ, ದುಡ್ಡಿಗಾ, ಬಲವಂತದ ಮದುವೆಗಾ, ಅದರ ಮೇಲೆ ಶಿಕ್ಷೆ. ಮತ್ತೆ ಎಲ್ಲಾನೂ ಪ್ರೂವ್ ಮಾಡ್ಬೇಕು. ಇಡೀ ನಾಡಿಗೆ ಗೊತ್ತಿದ್ದ ಆ ಕೇಸಲ್ಲೇ 2018ರಲ್ಲಿ ತಮಿಳುನಾಡಿನ ಗೋಬಿಚೆಟ್ಟಿಪಾಳಯಂ ಕೋರ್ಟು ಒಂಬತ್ತು ಜನರನ್ನ ಸಾಕ್ಷಿ ಸಾಲದು ಅಂತ ಬಿಟ್ಟಿತು.

ದುಡ್ಡಿಗಾಗಿ ಅಂದ್ರೆ ಸೆಕ್ಷನ್ 140(2), ಗಲ್ಲು ಅಥವಾ ಜೀವಾವಧಿ. ಅಷ್ಟು ದೊಡ್ಡ ಶಿಕ್ಷೆಗೆ ಫೋನಲ್ಲಿ ದುಡ್ಡು ಕೇಳಿದ ಅನ್ನೋದೊಂದೇ ಸಾಲದು, ಕೊಲ್ತೀನಿ ಹೊಡೀತೀನಿ ಅನ್ನೋ ಬೆದರಿಕೆ, ಇಲ್ಲಾ ನಿಜವಾಗ್ಲೂ ಭಯ ಹುಟ್ಟಿಸೋ ನಡವಳಿಕೆ ಪ್ರೂವ್ ಆಗ್ಬೇಕು. ತೆಲಂಗಾಣದ ಆಟೋ ಡ್ರೈವರ್ ಒಬ್ಬ ಆರನೇ ಕ್ಲಾಸ್ ಹುಡುಗನ್ನ ಕರ್ಕೊಂಡ್ ಹೋಗಿ ಎರಡು ಲಕ್ಷ ಕೇಳಿದ್ದ, ಚೆನ್ನಾಗೇ ನೋಡ್ಕೊಂಡ ಅಂತ ಹುಡುಗನೇ ಹೇಳಿದ್ದ. 2021ರಲ್ಲಿ ಸುಪ್ರೀಂ ಕೋರ್ಟ್ ಜೀವಾವಧಿ ತೆಗೆದು ಏಳು ವರ್ಷ ಕೊಡ್ತು. ಆ ಅಪ್ಪನ ಹೊಟ್ಟೆಯುರಿ ಅರ್ಥ ಆಗುತ್ತೆ, ಆದ್ರೂ ತೀರ್ಪು ಸರಿ ಅಂತಲೇ ನಾನು ಹೇಳೋದು. ಬೈಯೋರು ಕೆಳಗೆ ಬೈರಿ, ಓದ್ತೀನಿ.