ಇಪ್ಪತ್ತೆಂಟು ದಿನಕ್ಕೊಂದು ಸೂಜಿ, ಕೆಟ್ಟು ನಿಂತ ನಲ್ಲಿ

ನಮಸ್ಕಾರ. ಆಸ್ಟ್ರೇಲಿಯಾದ ಉತ್ತರದಲ್ಲಿ ಮೂಲನಿವಾಸಿಗಳ ನಾಡಾದ ಆರ್ನ್‌ಹೆಮ್ ಲ್ಯಾಂಡ್ ಇದೆ. ಅಲ್ಲಿನ ಮ್ಯಾನಿಂಗ್ರಿಡ ಎಂಬ ಊರು ಡಾರ್ವಿನ್ ನಗರದಿಂದ ಸುಮಾರು 500 ಕಿ.ಮೀ. ದೂರದಲ್ಲಿದ್ದು, ಮಳೆಗಾಲದಲ್ಲಿ ರಸ್ತೆ ಮುಚ್ಚಿದರೆ ಸಣ್ಣ ವಿಮಾನವೇ ಗತಿ. 2018ರಲ್ಲಿ ಮಕ್ಕಳ ಹೃದ್ರೋಗ ತಜ್ಞೆ ಬೋ ರೆಮೆನ್ಯಿ ಅವರ ತಂಡ ಆ ಊರಿನ ಮಕ್ಕಳಿಗೂ ಹರೆಯದವರಿಗೂ ಎಕೋ ಪರೀಕ್ಷೆ ಮಾಡಿದಾಗ, ಹೆಚ್ಚುಕಡಿಮೆ 20 ಮಂದಿಗೆ ಒಬ್ಬರಲ್ಲಿ ರುಮ್ಯಾಟಿಕ್ ಹೃದ್ರೋಗ ಕಂಡುಬಂತು. ಆಸ್ಟ್ರೇಲಿಯಾದ ದೊಡ್ಡ ನಗರಗಳಲ್ಲಿ ಇಂದಿನ ಎಷ್ಟೋ ವೈದ್ಯರು ತಮ್ಮ ವೃತ್ತಿಜೀವನದಲ್ಲಿ ಈ ರೋಗದ ಒಂದು ಹೊಸ ಪ್ರಕರಣವನ್ನೂ ನೋಡಿರಲಾರರು.

ರೋಗ ಶುರುವಾಗುವುದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ. ಮಗುವಿಗೆ ಗಂಟಲುನೋವು ಬರುತ್ತದೆ, ಇಲ್ಲವೇ ಕಜ್ಜಿ ಕೆರೆದ ಜಾಗದಲ್ಲಿ ಕೀವು ತುಂಬಿದ ಹುಣ್ಣಾಗುತ್ತದೆ. ಸೋಂಕಿನೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ಸ್ವಂತ ಕೀಲುಗಳ ಮೇಲೂ ಹೃದಯದ ಮೇಲೂ ತಿರುಗಿ ಬೀಳುತ್ತದೆ. ಆಗ ಬರುವ ರುಮ್ಯಾಟಿಕ್ ಜ್ವರವೂ ಕೀಲುನೋವೂ ಕೆಲವು ವಾರಗಳಲ್ಲಿ ಇಳಿಯುತ್ತವೆ, ಆದರೆ ಹೃದಯದ ಮೈಟ್ರಲ್ ಕವಾಟಕ್ಕಾದ ಗಾಯ ಉಳಿಯುತ್ತದೆ, ಜ್ವರ ಮರುಕಳಿಸಿದಷ್ಟೂ ಅದು ಬಿಗಡಾಯಿಸುತ್ತದೆ. ಆದ್ದರಿಂದ ಒಮ್ಮೆ ಈ ಜ್ವರ ಬಂದ ಮಗುವಿಗೆ ಮತ್ತೆ ಸೋಂಕು ತಗಲದಂತೆ ತಡೆಯುವುದೇ ಚಿಕಿತ್ಸೆಯ ಮುಖ್ಯ ಭಾಗ.

ಹಾಗೆ ತಡೆಯಲು ಬೆಂಜಥೀನ್ ಪೆನಿಸಿಲಿನ್ ಎಂಬ ಹಳೆಯ, ಅಗ್ಗದ ಔಷಧಿ ಇದೆ. ಅದನ್ನು ಕೊಡುವ ಕ್ಷಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಫ್ರಿಜ್ಜಿನಿಂದ ತೆಗೆದ ಸಿರಿಂಜನ್ನು ನರ್ಸ್ ಅಂಗೈಗಳ ನಡುವೆ ಹೊರಳಿಸಿ ಬೆಚ್ಚಗಾಗಿಸುತ್ತಾರೆ, ಯಾಕೆಂದರೆ ಒಳಗಿನ ಬಿಳಿ ದ್ರವ ಬಹಳ ಗಟ್ಟಿ. ದಪ್ಪ ಸೂಜಿಯಿಂದ ಅದನ್ನು ಪೃಷ್ಠದ ಅಥವಾ ತೊಡೆಯ ಸ್ನಾಯುವಿನ ಆಳಕ್ಕೆ, ನೋವು ಕಡಿಮೆಯಾಗಲೆಂದು ಎರಡು ಮೂರು ನಿಮಿಷ ಹಿಡಿದು ನಿಧಾನವಾಗಿ ಒತ್ತಬೇಕು. ಇದು 28 ದಿನಕ್ಕೊಮ್ಮೆ, ವರ್ಷಕ್ಕೆ 13 ಬಾರಿ, ಸಾಮಾನ್ಯವಾಗಿ 21 ವರ್ಷ ತುಂಬುವವರೆಗಾದರೂ ನಡೆಯಬೇಕು. ಕವಾಟ ತೀವ್ರವಾಗಿ ಕೆಟ್ಟಿದ್ದರೆ 40ರ ವಯಸ್ಸಿನವರೆಗೂ ಮುಂದುವರಿಯಬಹುದು. ಎಂಟು ವರ್ಷದ ಹುಡುಗನೊಬ್ಬ ಕ್ಲಿನಿಕ್ಕಿನ ವಾಹನ ಕಂಡೊಡನೆ ಓಡಿ ಅಡಗಿದರೆ ಅದನ್ನು ಹಟ ಎನ್ನಲು ನನಗೆ ಬಾಯಿ ಬಾರದು.

ನನ್ನ ತಕರಾರು ಇರುವುದು ಲೆಕ್ಕದ ರೀತಿಯಲ್ಲಿ. ಇಂತಿಂಥ ಮಗು ಎಷ್ಟು ಸೂಜಿ ತಪ್ಪಿಸಿತು, ನಿಗದಿಯ ಶೇ. 80ರಷ್ಟನ್ನಾದರೂ ಪಡೆಯಿತೇ ಎಂಬುದನ್ನು ನೋಂದಣಿ ಪುಸ್ತಕ ಚಾಚೂ ತಪ್ಪದೆ ಹೇಳುತ್ತದೆ. ಪುಸ್ತಕ ಬೇಡವೆಂದು ನಾನು ಹೇಳುತ್ತಿಲ್ಲ, ಅದಿಲ್ಲದೆ ಎಷ್ಟೋ ಮಕ್ಕಳು ಕೈತಪ್ಪಿ ಹೋಗುತ್ತಿದ್ದರು. ಆದರೆ ಅದೇ ಮಗುವಿನ ಮನೆಯಲ್ಲಿ ಶವರ್ ಎಷ್ಟು ದಿನ ಕೆಟ್ಟು ನಿಂತಿತ್ತು, ಎರಡು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಿದ್ದರು ಎಂಬುದಕ್ಕೆ ಆ ಪುಸ್ತಕದಲ್ಲಿ ಕಾಲಂ ಇಲ್ಲ. ಮೀಯಲು, ಒಗೆಯಲು ಅನುಕೂಲವಿಲ್ಲದ, ಜನ ಕಿಕ್ಕಿರಿದ ಮನೆಯಲ್ಲೇ ಈ ಸೋಂಕು ಸುಲಭವಾಗಿ ಹರಡುವುದು. ಲೋಪ ಯಾವಾಗಲೂ ಕುಟುಂಬದ ಹೆಸರಿಗೇ ಬರೆಯಲ್ಪಡುತ್ತದೆ.

ಇದು ಈಗ ಹೊಳೆದ ವಿಚಾರವೇನಲ್ಲ. 1987ರಲ್ಲೇ ಮಧ್ಯ ಆಸ್ಟ್ರೇಲಿಯಾದ ಅನಂಗು ಜನರ ಪ್ರದೇಶದಲ್ಲಿ, ಅವರದೇ ಆರೋಗ್ಯ ಸಂಸ್ಥೆಯಾದ ನ್ಗನಂಪ ಹೆಲ್ತ್ ಕೌನ್ಸಿಲ್ ಜೊತೆ ಒಬ್ಬ ವೈದ್ಯ, ಒಬ್ಬ ವಾಸ್ತುಶಿಲ್ಪಿ ಮತ್ತು ಒಬ್ಬ ಪರಿಸರ ಆರೋಗ್ಯ ಕಾರ್ಯಕರ್ತ ಸೇರಿ ಆರೋಗ್ಯಕ್ಕೆ ಮನೆಯಲ್ಲಿ ಏನೇನು ಕೆಲಸ ಮಾಡುತ್ತಿರಬೇಕೆಂದು ಪಟ್ಟಿ ಮಾಡಿದರು. ಮೊದಲನೆಯದು ಮಕ್ಕಳನ್ನು ಮೀಯಿಸಲು ಅನುಕೂಲ, ಎರಡನೆಯದು ಬಟ್ಟೆ ಹಾಸಿಗೆ ಒಗೆಯಲು ಅನುಕೂಲ. ಮುಂದೆ ಸಾವಿರಾರು ಮನೆಗಳಲ್ಲಿ ನಲ್ಲಿ, ಚರಂಡಿ, ವಿದ್ಯುತ್ತನ್ನು ಪರೀಕ್ಷಿಸಿ ರಿಪೇರಿ ಮಾಡಿದಾಗ ತಿಳಿದದ್ದು, ಹೆಚ್ಚಿನವು ಕೆಟ್ಟಿದ್ದು ಕಾಲಕಾಲಕ್ಕೆ ದುರಸ್ತಿ ಇಲ್ಲದೆ, ಉಳಿದವುಗಳಲ್ಲಿ ಬಹಳಷ್ಟು ಕಟ್ಟುವಾಗಲೇ ಆದ ಕಳಪೆ ಕೆಲಸದಿಂದ. ಮನೆಯವರು ಹಾಳುಮಾಡಿದ್ದು ಹತ್ತರಲ್ಲಿ ಒಂದು ಪಾಲೂ ಇರಲಿಲ್ಲ. "ಮನೆ ಕೊಟ್ಟರೂ ಇಟ್ಟುಕೊಳ್ಳಲು ಬಾರದವರು" ಎಂಬ ಮಾತು ಇಷ್ಟಾದ ಮೇಲೂ ನಿಂತಿಲ್ಲ. ಅದು ನಮ್ಮ ಕಿವಿಗೂ ಹೊಸದಲ್ಲ, ನಮ್ಮ ಹಾಡಿಗಳ ಬಗ್ಗೆಯೂ ಇಂಥದೇ ಮಾತನ್ನು ನಾವು ಕೇಳಿದ್ದೇವೆ.

ಕವಾಟ ಪೂರ್ತಿ ಕೆಟ್ಟ ಮೇಲೆ ಶಸ್ತ್ರಚಿಕಿತ್ಸೆ ಇದೆಯಲ್ಲ ಎಂದು ಕೇಳಬಹುದು. ಕವಾಟ ಕಿರಿದಾದಾಗ ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಿಂದಾಗಿ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಉತ್ತರ ಆಸ್ಟ್ರೇಲಿಯಾದ ಮಗು ಹೃದಯದ ಶಸ್ತ್ರಚಿಕಿತ್ಸೆಗಾಗಿ ದೇಶದ ಇನ್ನೊಂದು ತುದಿಗೆ, ಅಡಿಲೇಡ್ ಅಥವಾ ಮೆಲ್ಬರ್ನ್‌ಗೆ, ತನ್ನ ಭಾಷೆ ಆಡುವವರು ವಿರಳವಾದ ಆಸ್ಪತ್ರೆಗೆ ವಿಮಾನದಲ್ಲಿ ಹೋಗಬೇಕು. ಲೋಹದ ಕವಾಟ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್ ಮಾತ್ರೆ, ಆಗಾಗ ರಕ್ತಪರೀಕ್ಷೆ. ಆ ಮಾತ್ರೆ ಗರ್ಭದಲ್ಲಿರುವ ಶಿಶುವಿಗೆ ಅಪಾಯಕಾರಿ, ನಿಲ್ಲಿಸಿದರೆ ತಾಯಿಗೆ ಅಪಾಯ. ಅಂಗಾಂಶದ ಕವಾಟ ಹಾಕಿದರೆ ಕೆಲವು ವರ್ಷಗಳಲ್ಲಿ ಅದು ಸವೆದು ಮತ್ತೆ ಎದೆ ತೆರೆಯಬೇಕು. ಹದಿನಾರರ ಹುಡುಗಿಗೆ ಈ ಎರಡರಲ್ಲಿ ಒಂದನ್ನು ಆರಿಸಿಕೋ ಎನ್ನುವ ಸ್ಥಿತಿಯನ್ನು ಯಶಸ್ವಿ ಚಿಕಿತ್ಸೆ ಎನ್ನಲು ನಾನು ಸಿದ್ಧನಿಲ್ಲ.

ಕುಟುಂಬಗಳು ಆಸ್ಪತ್ರೆಗೆ ಬರುವುದೇ ಇಲ್ಲ ಎಂಬ ದೂರೂ ಇದೆ. ಕ್ವೀನ್ಸ್‌ಲ್ಯಾಂಡಿನ ಡೂಮಡ್ಜಿ ಎಂಬ ಊರಿನ ಮೂವರು ಮಹಿಳೆಯರು 2019 ಮತ್ತು 2020ರಲ್ಲಿ ಈ ರೋಗದಿಂದ ತೀರಿಕೊಂಡರು. ಅವರಿಗೆ ದೊರೆತ ಆರೈಕೆಯಲ್ಲಿ ಗಂಭೀರ ಲೋಪಗಳಿದ್ದವೆಂದು 2023ರಲ್ಲಿ ಕೊರೊನರ್, ಅಂದರೆ ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ, ನಡೆಸಿದ ವಿಚಾರಣೆ ದಾಖಲಿಸಿತು. ಅವರು ಆಸ್ಪತ್ರೆಗೆ ಬಂದಿದ್ದರು.

2031ರೊಳಗೆ ಆಸ್ಟ್ರೇಲಿಯಾದಲ್ಲಿ ಈ ರೋಗವನ್ನು ನಿರ್ಮೂಲ ಮಾಡುವ ಕಾರ್ಯತಂತ್ರ 2020ರಲ್ಲೇ ಹೊರಬಂದಿದೆ, ಅದರಲ್ಲಿ ವಸತಿಯ ಮಾತೂ ಇದೆ. ಲಸಿಕೆಗಾಗಿ ಹಣ ಸಿಕ್ಕಿದೆ, ಸಿಗಲಿ. ಆದರೆ ಲಸಿಕೆ ಬರುವವರೆಗೆ ಕಾಯಬೇಕಾಗಿಲ್ಲ. ಉತ್ತರ ಆಸ್ಟ್ರೇಲಿಯಾದ ಬರುಂಗ ಎಂಬ ಊರಿನಲ್ಲಿ 2019ರಲ್ಲಿ ಉಚಿತವಾಗಿ ಬಟ್ಟೆ ಒಗೆಯುವ ಕೇಂದ್ರವೊಂದು ತೆರೆಯಿತು, ನಡೆಸುವವರು ಸ್ಥಳೀಯ ಮೂಲನಿವಾಸಿಗಳೇ. ವಿದ್ಯುತ್ ಮೀಟರಿಗೆ ಮುಂಗಡ ಹಣ ತುಂಬಬೇಕಾದ, ಹಣ ಮುಗಿದೊಡನೆ ಬಿಸಿನೀರೂ ವಾಷಿಂಗ್ ಮೆಷಿನ್ನೂ ನಿಂತುಹೋಗುವ ಮನೆಗಳಿಗೆ ಇಂಥ ಕೇಂದ್ರ ದೊಡ್ಡ ಆಸರೆ. ಪ್ರತಿ ದೂರದ ಊರಿಗೂ ಇಂಥದೊಂದು ಕೇಂದ್ರ, ಸಂಬಳ ಕೊಟ್ಟು ನೇಮಿಸಿಕೊಂಡ ಸ್ಥಳೀಯ ಪ್ಲಂಬರ್, ಮತ್ತು ಆ ನೋಂದಣಿ ಪುಸ್ತಕದಲ್ಲಿ ಸೂಜಿಯ ಕಾಲಂ ಪಕ್ಕದಲ್ಲೇ ಶವರ್ ಕೆಟ್ಟ ದಿನ, ಸರಿಯಾದ ದಿನ ಬರೆಯಲು ಎರಡು ಕಾಲಂ. ಇಷ್ಟನ್ನು ಮುಂದಿನ ಬಜೆಟ್ಟಿನಲ್ಲೇ ಮಾಡಬಹುದು.