ಕವಳಿ ಪೊದೆಯ ಹಕ್ಕಿ

ಕೇಳುಗರಿಗೆ ನಮಸ್ಕಾರ.

ಆಂಧ್ರದ ಕಡಪ ಜಿಲ್ಲೆಯ ಲಂಕಮಲ ಬೆಟ್ಟಸಾಲಿನ ಬುಡದಲ್ಲಿ ಜಾಲಿ, ಎಲಚಿ, ಕವಳಿ ತುಂಬಿದ ಕುರುಚಲು ಕಾಡಿದೆ. ಅಲ್ಲಿನ ಒಂದು ಹಕ್ಕಿಯನ್ನು ಊರಿನವರು ಕಲಿವಿ ಕೋಡಿ ಎನ್ನುತ್ತಾರೆ. ಕಲಿವಿ ಎಂದರೆ ನಮ್ಮ ಕವಳಿ, ಕೋಡಿ ಎಂದರೆ ಕೋಳಿ. ಪಕ್ಷಿಶಾಸ್ತ್ರದಲ್ಲಿ ಇದರ ಹೆಸರು ಜೆರ್ಡಾನ್ಸ್ ಕೋರ್ಸರ್. ಉದ್ದ ಗೇಣಿಗಿಂತ ತುಸು ಹೆಚ್ಚು. ಎದೆಯ ಮೇಲೆ ಎರಡು ಕಂದು ಪಟ್ಟಿ, ಕೊರಳಲ್ಲಿ ಇಟ್ಟಿಗೆ ಬಣ್ಣದ ಮಚ್ಚೆ, ಕತ್ತಲಲ್ಲಿ ಮೇಯುವುದಕ್ಕೆ ತಕ್ಕ ದೊಡ್ಡ ಕಣ್ಣು.

1900ರಲ್ಲಿ ಅನಂತಪುರದ ಬಳಿ ಕಂಡ ಮೇಲೆ ಈ ಹಕ್ಕಿ ಅಳಿದೇ ಹೋಯಿತೆಂದು ವಿಜ್ಞಾನಿಗಳು ನಂಬಿದ್ದರು. 1986ರ ಜನವರಿಯಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಭರತ್ ಭೂಷಣ್ ಅದನ್ನು ಮತ್ತೆ ಪತ್ತೆ ಮಾಡಿದರು. ದಾರಿ ತೋರಿಸಿದ್ದು ಹಳ್ಳಿಯವರೇ.

ರಾತ್ರಿ ಟಾರ್ಚ್ ಹಿಡಿದು ಹುಡುಕಿದರೆ ಈ ಹಕ್ಕಿ ಸಿಗುವುದು ಅಪರೂಪ. ಅದಕ್ಕೆ ಹೆಜ್ಜೆ ಪಟ್ಟಿಯ ಉಪಾಯವೇ ಮೇಲು. ಪೊದೆಗಳ ನಡುವಿನ ಬಯಲಲ್ಲಿ ಸುಮಾರು ಐದು ಮೀಟರ್ ಉದ್ದ, ಗೇಣಗಲದ ಪಟ್ಟಿಯನ್ನು ಗುಡಿಸಿ, ಕಲ್ಲು ಆಯ್ದು, ಜರಡಿ ಹಿಡಿದ ನುಣುಪು ಮಣ್ಣನ್ನು ತೆಳುವಾಗಿ ಹರಡಬೇಕು. ಸಂಜೆ ಮಣ್ಣನ್ನು ಸಮ ಮಾಡಿ, ಬೆಳಿಗ್ಗೆ ದನ ಬರುವ ಮೊದಲೇ ನೋಡಬೇಕು. ಮಳೆ ಬಿದ್ದರೆ ಮಣ್ಣು ಹೆಪ್ಪುಗಟ್ಟುತ್ತದೆ, ಹೆಜ್ಜೆ ಮೂಡುವುದಿಲ್ಲ. ಹೊಸ ಮಣ್ಣು ಹಾಕಲೇಬೇಕು. ಕಲಿವಿ ಕೋಡಿಯ ಹೆಜ್ಜೆಯಲ್ಲಿ ಮುಂದಕ್ಕೆ ಮೂರು ಬೆರಳು, ಹಿಂಬೆರಳಿಲ್ಲ. ಕವುಜುಗ, ಬುರ್ಲಿಗಳಿಗೆ ಹಿಂಬೆರಳುಂಟು. ಆದರೆ ಹಳದಿ ಟಿಟ್ಟಿಭಕ್ಕೂ ಅದಿಲ್ಲ, ಎಡವುವುದು ಇಲ್ಲಿಯೇ. ಆಕಾರ ನಂಬಬಾರದು, ಬೆರಳಿನ ಉದ್ದ ಅಗಲ ಅಳೆಯಬೇಕು. ಪಟ್ಟಿಯ ಪಕ್ಕ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಇಟ್ಟರೆ ಅನುಮಾನ ಉಳಿಯುವುದಿಲ್ಲ. ಕೂಗಿಗೆ ಕಿವಿಗೊಡುವುದಾದರೆ ಸೂರ್ಯ ಮುಳುಗಿ ಮುಕ್ಕಾಲು ಗಂಟೆಯ ಆಸುಪಾಸು. ಅದೂ ಕೆಲವೇ ನಿಮಿಷ.

ಹೀಗೆ ಹುಡುಕಿದ್ದರಿಂದ ತಿಳಿದದ್ದು ಬಹಳ ಬೆಲೆಯುಳ್ಳದ್ದು. ಆಳೆತ್ತರ ಮೀರಿದ ಪೊದೆಗಳು ಹೆಕ್ಟೇರಿಗೆ 300ರಿಂದ 700, ಸಣ್ಣ ಪೊದೆಗಳು ಸಾವಿರಕ್ಕಿಂತ ಕಡಿಮೆ ಇರುವಲ್ಲಿ ಈ ಹಕ್ಕಿ ಸಿಗುವ ಸಂಭವ ಹೆಚ್ಚು. ಪೊದೆ ದಟ್ಟವಾದರೆ ಓಡಲು ಜಾಗವಿಲ್ಲ, ತೀರಾ ಬೋಳಾದರೆ ಮರೆಯಿಲ್ಲ. ಆದ್ದರಿಂದ ಸೌದೆ, ಮೇವುಗಳನ್ನು ಪೂರ್ತಿ ನಿಲ್ಲಿಸಿ ಬೇಲಿ ಹಾಕಿದ ಮಾತ್ರಕ್ಕೆ ರಕ್ಷಣೆಯಾಗದು. ಹಿತಮಿತವಾದ ಮೇವು ಬಯಲನ್ನು ಬಯಲಾಗಿ ಉಳಿಸುತ್ತದೆ. ಬುಲ್ಡೋಜರಿನ ಮಾತೇ ಬೇರೆ. ನಿಂಬೆ ತೋಟಕ್ಕೆಂದು ನೆಲ ಹಸನು ಮಾಡಿದರೆ ಒಂದೇ ದಿನದಲ್ಲಿ ನೆಲೆ ಹೋಗುತ್ತದೆ. ತೆಲುಗು ಗಂಗಾ ಕಾಲುವೆಯ ಅಗೆತವೂ ಈ ಹಕ್ಕಿಯ ನೆಲೆಗೆ ನುಗ್ಗಿತ್ತು, ಹೋರಾಟದ ನಂತರ ಕಾಲುವೆಯ ದಾರಿ ಬದಲಾಯಿತು. ಸರ್ಕಾರಿ ಕಾಗದದಲ್ಲಿ ಇಂಥ ನೆಲಕ್ಕೆ ಪಾಳು ಭೂಮಿ ಎಂದು ಬರೆಯುವುದು ನಮಗೆ ನೋವಿನ ಸಂಗತಿ.

ಪಾವಗಡ, ಬಳ್ಳಾರಿಯ ಕಡೆಯ ಕೇಳುಗರೇ, ಅನಂತಪುರ ನಿಮ್ಮ ಪಕ್ಕದ್ದೇ. ನಿಮ್ಮ ಕುರುಚಲಲ್ಲಿ ಅನುಮಾನದ ಹೆಜ್ಜೆ ಕಂಡರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮೇಲಿನಿಂದ ನೇರವಾಗಿ ಫೋಟೋ ತೆಗೆದು ಅರಣ್ಯ ಇಲಾಖೆಗೆ ತಲುಪಿಸಿ. ಹಕ್ಕಿಯನ್ನು ಹಿಡಿಯಲು ಮಾತ್ರ ಹೋಗಬೇಡಿ. 1986ರಲ್ಲಿ ಹಿಡಿದದ್ದು ಬದುಕಲಿಲ್ಲ.